ಕೃತಕ ಕಾರ್ನಿಯಾ ಶಸ್ತ್ರಚಿಕಿತ್ಸೆ: ಭೋಸರಿಯ ದುಡಿಮೆಗಾರರಿಗೆ ಎಟುಕುವ ದೃಷ್ಟಿ

ಕಣ್ಣಿನ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದು ಪೂರ್ತಿ ಹಾಳಾಗಿ, ದಾನಿಯಿಂದ ಪಡೆದ ಕಾರ್ನಿಯಾದ ಕಸಿಯೂ ನಿಲ್ಲದ ರೋಗಿಗಳಿಗೆ ಆ ಜಾಗದಲ್ಲಿ ಕೂರಿಸುವ ಪ್ಲಾಸ್ಟಿಕ್ ಮಸೂರದ ಸಾಧನವನ್ನು ಕೃತಕ ಕಾರ್ನಿಯಾ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಇದು ಕೆರಾಟೋಪ್ರಾಸ್ಥೆಸಿಸ್, ಚಿಕ್ಕದಾಗಿ ಕೆ-ಪ್ರೊ. ಅಮೆರಿಕದ ಬೋಸ್ಟನ್‌ನಲ್ಲಿ ರೂಪುಗೊಂಡ ಮುಖ್ಯ ಸಾಧನದ ಬೆಲೆ ಸಾವಿರಾರು ಡಾಲರ್. ಅದೇ ಮಾದರಿಯದನ್ನು ಮದುರೈಯ ಆರೋಲ್ಯಾಬ್ ಅದರ ಬೆಲೆಯ ಸಣ್ಣ ಪಾಲಿಗೆ ತಯಾರಿಸತೊಡಗಿದ ಮೇಲೆ, ಎರಡೂ ಕಣ್ಣು ಕಳೆದುಕೊಂಡ ಬಡ ರೋಗಿಗೂ ಈ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯಿತು. ಆದರೆ ಸಾಧನ ಅಗ್ಗವಾದ ಮಾತ್ರಕ್ಕೆ ಚಿಕಿತ್ಸೆ ಅಗ್ಗವಾಗುವುದಿಲ್ಲ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪುಣೆಯ ಭೋಸರಿಯಂಥ ಕಡೆ.

ಭೋಸರಿ ಮತ್ತು ಕಣ್ಣಿನ ಗಾಯ

ಪುಣೆ-ನಾಸಿಕ್ ಹೆದ್ದಾರಿಯ ಮೇಲಿರುವ ಭೋಸರಿ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ, ಅಂದರೆ ಎಲ್ಲರೂ ಹೇಳುವ ಎಂಐಡಿಸಿಯ, ಹಳೆಯ ಪ್ರದೇಶಗಳಲ್ಲಿ ಒಂದು. ದೊಡ್ಡ ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್‌ಗಳು ಇಲ್ಲಿ ಗಲ್ಲಿಗಲ್ಲಿಯಲ್ಲಿವೆ: ಲೇತ್, ಪ್ರೆಸ್, ಫ್ಯಾಬ್ರಿಕೇಶನ್, ಪೌಡರ್ ಕೋಟಿಂಗ್. ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಗಾರೆ, ಸಿಮೆಂಟು, ಸುಣ್ಣದ ಕೆಲಸ. ಕಲಬುರಗಿ, ವಿಜಯಪುರ, ಯಾದಗಿರಿ, ಬೀದರ್ ಜಿಲ್ಲೆಗಳಿಂದ ಪುಣೆಗೆ ದುಡಿಯಲು ಬರುವ ಕನ್ನಡಿಗರು ಈ ಎರಡೂ ಬಗೆಯ ಕೆಲಸದಲ್ಲಿದ್ದಾರೆ. ಬೆಳಗಿನ ನಾಕಾಗಳಲ್ಲಿ ಕೂಲಿಗಾಗಿ ನಿಂತವರ ಮಾತಿಗೆ ಕಿವಿಗೊಟ್ಟರೆ ಮರಾಠಿ, ಹಿಂದಿಯ ನಡುವೆ ಉತ್ತರ ಕರ್ನಾಟಕದ ಕನ್ನಡ, ಲಂಬಾಣಿ ಕೇಳಿಸುತ್ತದೆ.

ಗ್ರೈಂಡಿಂಗ್ ಚಕ್ರದಿಂದ ಹಾರುವ ಲೋಹದ ಚೂರು ಬಿಸಿಯಾಗಿರುತ್ತದೆ. ಕಾರ್ನಿಯಾಕ್ಕೆ ತಾಗಿದರೆ ಅಲ್ಲೇ ಅಂಟಿ ಕೂರುತ್ತದೆ, ಕಬ್ಬಿಣದ್ದಾದರೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. “ಕಣ್ಣಾಗ ಕಸ ಬಿದ್ದೈತಿ” ಎಂದರೆ ಪಕ್ಕದ ಯಂತ್ರದವನು ಕರ್ಚೀಫಿನ ತುದಿಯಿಂದಲೋ ಬೆಂಕಿಕಡ್ಡಿಯಿಂದಲೋ ತೆಗೆದುಬಿಡುತ್ತಾನೆ. ಚೂರು ಹೋಗುತ್ತದೆ, ಗೀರು ಉಳಿಯುತ್ತದೆ. ಆ ಗೀರಿನಲ್ಲಿ ಸೋಂಕು ಹಿಡಿದರೆ ಹುಣ್ಣಾಗಿ, ವಾಸಿಯಾದ ಮೇಲೂ ಬಿಳಿ ಕಲೆ ನಿಲ್ಲುತ್ತದೆ. ಇದನ್ನೇ ಜನ ಕಣ್ಣಲ್ಲಿ ಹೂ ಬಿದ್ದಿದೆ ಎನ್ನುವುದು. ಹೂವನ್ನೂ ಪೊರೆಯನ್ನೂ ಒಂದೇ ಎಂದು ತಿಳಿದು, ಶಿಬಿರದಲ್ಲಿ ಪೊರೆ ತೆಗೆಸಿದರೆ ಸರಿಹೋದೀತು ಎಂದು ಕಾಯುತ್ತ ವರ್ಷ ಕಳೆದವರಿದ್ದಾರೆ. ಪೊರೆ ಬರುವುದು ಒಳಗಿನ ಮಸೂರಕ್ಕೆ, ಹೂ ಬೀಳುವುದು ಹೊರಗಿನ ಕಾರ್ನಿಯಾದ ಮೇಲೆ. ಎರಡಕ್ಕೂ ಚಿಕಿತ್ಸೆ ಬೇರೆ.

ಸುಣ್ಣದ್ದು ಇನ್ನೂ ಘೋರ. ಆಮ್ಲ ಬಿದ್ದರೆ ಮೇಲ್ಪದರದ ಪ್ರೋಟೀನು ಗಟ್ಟಿಯಾಗಿ ಒಳಹೋಗದಂತೆ ಸ್ವಲ್ಪ ತಡೆಯುತ್ತದೆ. ಕ್ಷಾರಕ್ಕೆ ಅಂಥ ತಡೆಯಿಲ್ಲ, ಸುಣ್ಣ ಒಳಗೊಳಗೆ ಇಳಿಯುತ್ತಲೇ ಇರುತ್ತದೆ. ಕಾರ್ನಿಯಾದ ಅಂಚಿನಲ್ಲಿ, ಕಪ್ಪು ಬಿಳಿ ಸೇರುವಲ್ಲಿ, ಲಿಂಬಸ್ ಎಂಬ ಸಣ್ಣ ವಲಯವಿದೆ. ಕಾರ್ನಿಯಾದ ಹೊರಪದರವನ್ನು ಜೀವನಪೂರ್ತಿ ಹೊಸದು ಮಾಡುವ ಕಾಂಡಕೋಶಗಳು ಇರುವುದು ಅಲ್ಲಿ. ಸುಣ್ಣ ಅವನ್ನು ಸುಟ್ಟರೆ ರಕ್ತನಾಳಗಳು ಕಾರ್ನಿಯಾದ ಮೇಲೆ ಹರಡಿಕೊಂಡು ಕಣ್ಣು ಮಬ್ಬಾಗುತ್ತದೆ. ಕಟ್ಟಡದ ಕೂಲಿಯಷ್ಟೇ ಅಲ್ಲ, ತಂಬಾಕಿನೊಡನೆ ಮಾರುವ ಸುಣ್ಣದ ಪ್ಲಾಸ್ಟಿಕ್ ಪುಟ್ಟ ಪೊಟ್ಟಣವನ್ನು ಆಟಕ್ಕೆಂದು ಹಿಸುಕಿ ಕಣ್ಣು ಸುಟ್ಟುಕೊಂಡ ಮಕ್ಕಳ ಪ್ರಕರಣಗಳೂ ಭಾರತದ ಕಣ್ಣಾಸ್ಪತ್ರೆಗಳಲ್ಲಿ ದಾಖಲಾಗಿವೆ.

ಊರಲ್ಲಿ ಉಳಿದವರಿಗೆ ಬೇರೆ ಅಪಾಯ. ಕಬ್ಬಿನ ರವದಿ, ಜೋಳದ ತೆನೆ ಕಣ್ಣಿಗೆ ತಾಗಿದ ಗಾಯದಿಂದ ಶಿಲೀಂಧ್ರದ ಹುಣ್ಣಾಗುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಉರಿಯನ್ನು ತಗ್ಗಿಸುತ್ತದೆ, ಹುಣ್ಣನ್ನು ಬೆಳೆಸುತ್ತದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುರುಡುತನದ ಪ್ರಮಾಣ ಶೇ 0.36. ಆದರೆ 50 ವರ್ಷದೊಳಗಿನವರನ್ನಷ್ಟೇ ನೋಡಿದರೆ ಕುರುಡುತನದ ಮೊದಲ ಕಾರಣ ಪೊರೆಯಲ್ಲ, ಕಾರ್ನಿಯಾದ ಕಲೆ: ಶೇ 37.5. ದುಡಿಯುವ ವಯಸ್ಸಿನ ಕುರುಡುತನ ಇದು. ಒಬ್ಬನ ಕಣ್ಣು ಹೋದರೆ ಊರಿಗೆ ಹೋಗುತ್ತಿದ್ದ ಹಣವೂ ನಿಲ್ಲುತ್ತದೆ.

ಮೊದಲ ದಾರಿ ದಾನಿಯ ಕಾರ್ನಿಯಾ

ಮನುಷ್ಯನ ಕಾರ್ನಿಯಾದ ಅಗಲ ಸುಮಾರು 12 ಮಿಲಿಮೀಟರ್, ನಡುವಿನ ದಪ್ಪ ಅರ್ಧ ಮಿಲಿಮೀಟರಿನಷ್ಟು. ಅದರಲ್ಲಿ ರಕ್ತನಾಳವಿಲ್ಲ. ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸುವ ಸಂಭವ ಬೇರೆ ಅಂಗಗಳಿಗಿಂತ ಕಡಿಮೆಯಾಗಿರುವುದು ಇದರಿಂದಲೇ. ಮನುಷ್ಯರಲ್ಲಿ ಮೊದಲ ಯಶಸ್ವಿ ಕಾರ್ನಿಯಾ ಕಸಿ ನಡೆದದ್ದು 1905ರ ಡಿಸೆಂಬರ್ 7ರಂದು, ಮೊರಾವಿಯಾದ ಓಲೊಮೌಟ್ಸ್ ಪಟ್ಟಣದಲ್ಲಿ. ಎಡ್ವರ್ಡ್ ಜಿರ್ಮ್ ಎಂಬ ವೈದ್ಯ, ಗಾಯದಿಂದಾಗಿ ತೆಗೆಯಬೇಕಾಗಿ ಬಂದ 11 ವರ್ಷದ ಹುಡುಗನ ಕಣ್ಣಿನ ಕಾರ್ನಿಯಾವನ್ನು ಅಲೋಯ್ಸ್ ಗ್ಲೋಗರ್ ಎಂಬ ಕೂಲಿಯ ಎರಡೂ ಕಣ್ಣಿಗೆ ಹಾಕಿದರು. ಒಂದು ಕಣ್ಣಿನಲ್ಲಿ ಕಸಿ ತಿಳಿಯಾಗಿ ಉಳಿಯಿತು. ಗ್ಲೋಗರನ ಕಣ್ಣು ಹೋಗಿದ್ದದ್ದು ಸುಣ್ಣ ಬಿದ್ದು. ಈ ಶಸ್ತ್ರಚಿಕಿತ್ಸೆಯ ಮೊದಲ ಫಲಾನುಭವಿಯೇ ಸುಣ್ಣದಿಂದ ಸುಟ್ಟುಕೊಂಡ ಕೂಲಿ ಎಂಬುದನ್ನು ಮರೆಯಬಾರದು.

ಭಾರತದ ಮೊದಲ ನೇತ್ರಬ್ಯಾಂಕ್ 1945ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ನೇತ್ರದಾನ ಮನೆಮಾತಾದದ್ದು ನಟ ಡಾ. ರಾಜ್‌ಕುಮಾರ್ ಅವರಿಂದ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರಬ್ಯಾಂಕ್ ಶುರುವಾಯಿತು, 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅದೇ ನೇತ್ರಾಲಯದ ಡಾ. ಭುಜಂಗ ಶೆಟ್ಟರ ತಂಡ ಎರಡು ಕಾರ್ನಿಯಾಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟಿತು. ಮುಂಪದರ ಕೆಟ್ಟವರಿಗೆ ಮುಂಪದರ, ಹಿಂಪದರ ಕೆಟ್ಟವರಿಗೆ ಹಿಂಪದರ. ಆ ವಾರದಲ್ಲಿ ನೇತ್ರದಾನದ ಪ್ರತಿಜ್ಞೆಗೆ ಜನ ಮುಗಿಬಿದ್ದರು.

ಪ್ರತಿಜ್ಞೆ ಒಂದು, ಕಣ್ಣು ನಿಜಕ್ಕೂ ದೊರೆಯುವುದು ಇನ್ನೊಂದು. 2016ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಜಗತ್ತಿನಲ್ಲಿ 1 ಕೋಟಿ 27 ಲಕ್ಷ ಜನ ಕಾರ್ನಿಯಾಕ್ಕಾಗಿ ಕಾಯುತ್ತಿದ್ದಾರೆಂದೂ, ಬೇಕಾದ 70 ಕಾರ್ನಿಯಾಗಳಿಗೆ 1 ಮಾತ್ರ ಸಿಗುತ್ತಿದೆಯೆಂದೂ ಲೆಕ್ಕ ಹಾಕಿತು. ಈ ಕೊರತೆಯನ್ನು ಜಾಣ್ಮೆಯಿಂದ ಎದುರಿಸಿದ ನೆರೆಹೊರೆಯವರಿದ್ದಾರೆ. ಶ್ರೀಲಂಕಾದಲ್ಲಿ ಹಡ್ಸನ್ ಸಿಲ್ವಾ 1961ರಲ್ಲಿ ಕಟ್ಟಿದ ನೇತ್ರದಾನ ಸಂಘ ಬೇರೆ ದೇಶಗಳಿಗೂ ಕಾರ್ನಿಯಾ ಕಳಿಸುತ್ತ ಬಂದಿದೆ. ಕಠ್ಮಂಡುವಿನ ತಿಲಗಂಗಾ ನೇತ್ರಬ್ಯಾಂಕ್ ಪಶುಪತಿನಾಥದ ದಹನಘಾಟಿನ ಬಳಿಯಲ್ಲೇ ಕುಟುಂಬದವರನ್ನು ಮಾತಾಡಿಸಿ ಕಾರ್ನಿಯಾ ಪಡೆಯುತ್ತದೆ. ಭಾರತದಲ್ಲಿ ಅದೇ ಬಗೆಯ ಕೆಲಸವನ್ನು ದೊಡ್ಡ ಆಸ್ಪತ್ರೆಗಳೊಳಗೆ ನಿಯೋಜಿತರಾದ ಆಪ್ತಸಲಹೆಗಾರರು ಮಾಡುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ, ತರಬೇತಾದ ತಂತ್ರಜ್ಞರೂ ಕಾರ್ನಿಯಾ ತೆಗೆಯಲು ಅವಕಾಶ ಕೊಟ್ಟದ್ದು ಈ ಕೆಲಸಕ್ಕೆ ದೊಡ್ಡ ಬಲ.

ಸುಣ್ಣದಿಂದ ಲಿಂಬಸ್ ಪೂರ್ತಿ ಸುಟ್ಟ ಕಣ್ಣಿಗೆ ಮಾತ್ರ ದಾನಿಯ ಕಾರ್ನಿಯಾ ನೇರವಾಗಿ ಹೊಲಿದರೆ ಉಳಿಯುವುದಿಲ್ಲ. ಅಂಚಿನ ಕಾಂಡಕೋಶಗಳೇ ಇಲ್ಲದ ಮೇಲೆ ಹೊಸ ಕಾರ್ನಿಯಾ ಕೂಡ ಮಬ್ಬಾಗುತ್ತದೆ. ಒಂದೇ ಕಣ್ಣು ಸುಟ್ಟಿದ್ದರೆ ಇದಕ್ಕೆ ಒಳ್ಳೆಯ ಪರಿಹಾರವಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ವೀರೇಂದರ್ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದ ಸರಳ ವಿಧಾನದಲ್ಲಿ, ರೋಗಿಯ ಒಳ್ಳೆಯ ಕಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು, ಅದನ್ನು ಇನ್ನೂ ಸಣ್ಣ ತುಣುಕು ಮಾಡಿ, ಕೆಟ್ಟ ಕಣ್ಣಿನ ಮೇಲೆ ಹೊದಿಸಿದ ಆಮ್ನಿಯಾಟಿಕ್ ಪಟಲದ (ಗರ್ಭದಲ್ಲಿ ಮಗುವನ್ನು ಸುತ್ತುವ ತೆಳು ಪದರ) ಮೇಲೆ ಅಂಟಿಸುತ್ತಾರೆ. ಕೋಶ ಬೆಳೆಸುವ ದುಬಾರಿ ಪ್ರಯೋಗಾಲಯ ಬೇಡ. ಬಡ ದೇಶದ ಶಸ್ತ್ರವೈದ್ಯರು ಜಗತ್ತಿಗೆ ಕೊಟ್ಟ ಕೊಡುಗೆಗಳಲ್ಲಿ ಇದು ಮೇಲಿನ ಸಾಲಿನದು. ಕೃತಕ ಕಾರ್ನಿಯಾದ ಮಾತು ಬರುವುದು ಈ ದಾರಿಯೂ ಮುಚ್ಚಿದಾಗ, ಅಂದರೆ ಎರಡೂ ಕಣ್ಣು ಕೆಟ್ಟಿದ್ದಾಗ ಅಥವಾ ಕಸಿಗಳು ಮತ್ತೆ ಮತ್ತೆ ಸೋತಾಗ.

ಕೃತಕ ಕಾರ್ನಿಯಾದ ಹಿನ್ನೆಲೆ

ಗಾಜಿನ ತುಂಡನ್ನು ಕಾರ್ನಿಯಾದ ಜಾಗದಲ್ಲಿ ಕೂರಿಸಬಹುದೆಂದು ಫ್ರಾನ್ಸಿನ ಪೆಲಿಯೆ ದ ಕೆಂಗ್ಸಿ 1789ರಲ್ಲೇ ಬರೆದಿದ್ದ. ಮುಂದಿನ ಶತಮಾನದಲ್ಲಿ ಗಾಜು, ಸ್ಫಟಿಕಗಳ ಪ್ರಯೋಗ ನಡೆದರೂ ಕಣ್ಣು ಅವನ್ನು ಹೊರದಬ್ಬಿತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಲ್ಲಿ ಉರಿಯೂತವಿಲ್ಲದೆ ಉಳಿದದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿ 1949ರಲ್ಲಿ ಪೊರೆ ಶಸ್ತ್ರಚಿಕಿತ್ಸೆಗೆ ಆ ಪ್ಲಾಸ್ಟಿಕ್ಕಿನ ಮಸೂರ ಹಾಕಿದರು. ಕೃತಕ ಕಾರ್ನಿಯಾಕ್ಕೂ ಒದಗಿದ್ದು ಅದೇ ಪಿಎಂಎಂಎ ಪ್ಲಾಸ್ಟಿಕ್.

ಭಾರತದಲ್ಲಿ ಅಮೃತಸರದ ದಲ್ಜೀತ್ ಸಿಂಗ್, ಡಚ್ ವೈದ್ಯ ಯಾನ್ ವೋರ್ಸ್ಟ್ ಜೊತೆಗೂಡಿ ಶಾಂಪೇನ್ ಬಿರಡೆಯಾಕಾರದ ಸಾಧನವನ್ನು ಉಕ್ಕಿನ ತಂತಿಯಿಂದ ಹೊಲಿದು ನಿಲ್ಲಿಸಿದರು. ಮುಂಬೈಯ ಕುರೇಶ್ ಮಸ್ಕತಿ, ಇಟಲಿಯ ಪಿಂಟುಚ್ಚಿ ರೂಪಿಸಿದ ಡೇಕ್ರಾನ್ ಬಟ್ಟೆಯಂಚಿನ ಸಾಧನವನ್ನು ಇಲ್ಲಿ ಬಳಕೆಗೆ ತಂದರು. ಪಶ್ಚಿಮ ಭಾರತದ ಮಟ್ಟಿಗೆ ಕೃತಕ ಕಾರ್ನಿಯಾದ ದಾರಿ ತೆರೆದವರು ಅವರು.

ಬೋಸ್ಟನ್‌ನಿಂದ ಮದುರೈಗೆ

ಸ್ವೀಡನ್ನಿನಲ್ಲಿ 1922ರಲ್ಲಿ ಹುಟ್ಟಿ ಬೋಸ್ಟನ್‌ನಲ್ಲಿ ನೆಲೆಸಿದ ಕ್ಲೇಸ್ ಡೋಲ್ಮನ್ 1960ರ ದಶಕದಿಂದ ತಿದ್ದುತ್ತ ಬಂದ ಸಾಧನಕ್ಕೆ 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕೃತಕ ಕಾರ್ನಿಯಾ ಇದೇ. ಅವರು 2024ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಇದರ ಜೋಡಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸಾಧನ ಹಳೆಯ ಕಾಲರ್ ಗುಂಡಿಯಂತೆ ಎರಡು ಬಿಲ್ಲೆಗಳದ್ದು. ಮುಂದಿನ ಬಿಲ್ಲೆಯಿಂದ ಹೊರಟ ತೆಳ್ಳನೆಯ ಕಾಂಡವೇ ದೃಷ್ಟಿಯ ಕಿಟಕಿ. ಶಸ್ತ್ರವೈದ್ಯರು ಮೊದಲು ದಾನಿಯ ಕಾರ್ನಿಯಾ ಒಂದನ್ನು ದುಂಡಗೆ ಕತ್ತರಿಸಿ, ನಡುವೆ ಸುಮಾರು 3 ಮಿಲಿಮೀಟರಿನ ತೂತು ಕೊರೆಯುತ್ತಾರೆ. ಕಾಂಡವನ್ನು ಆ ತೂತಿನಲ್ಲಿ ತೂರಿಸಿ, ಹಿಂದಿನಿಂದ ರಂಧ್ರಗಳುಳ್ಳ ಬಿಲ್ಲೆ ಕೂರಿಸಿ, ಟೈಟಾನಿಯಂ ಉಂಗುರ ಒತ್ತಿ ಬಿಗಿಯುತ್ತಾರೆ. ಹೀಗೆ ಎರಡು ಬಿಲ್ಲೆಗಳ ನಡುವೆ ಸಿಕ್ಕಿದ ಕಾರ್ನಿಯಾವನ್ನು ರೋಗಿಯ ಕಣ್ಣಿಗೆ ಹೊಲಿಯುತ್ತಾರೆ. ಹಿಂಬಿಲ್ಲೆಯ ರಂಧ್ರಗಳ ಮೂಲಕ ಕಣ್ಣೊಳಗಿನ ದ್ರವ ಆ ಕಾರ್ನಿಯಾಕ್ಕೆ ಆಹಾರ ಒದಗಿಸುತ್ತದೆ. ಮೇಲೆ ಮೃದುವಾದ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್.

ಕೃತಕ ಎಂಬ ಹೆಸರು ಕೇಳಿ ದಾನಿಯ ಅಗತ್ಯವೇ ಇಲ್ಲವೆಂದು ಭಾವಿಸುವವರು ಹಲವರು. ಈ ಮಾದರಿಗೆ ದಾನಿಯ ಕಾರ್ನಿಯಾ ಬೇಕೇ ಬೇಕು. ಬೆಳಕು ಹಾಯುವುದು ಪ್ಲಾಸ್ಟಿಕ್ ಕಾಂಡದ ಮೂಲಕವಾದ್ದರಿಂದ ಅದು ತಿಳಿಯಾಗಿ ಉಳಿಯಬೇಕೆಂಬ ನಿಯಮವಿಲ್ಲ, ಸಾಮಾನ್ಯ ಕಸಿಗೆ ಸಾಲದ ಗುಣಮಟ್ಟದ್ದೂ ಆದೀತು. ನೇತ್ರದಾನ ಸೊರಗಿದ ಊರಿನಲ್ಲಿ ಕೃತಕ ಕಾರ್ನಿಯಾ ಚಿಗುರುವುದಿಲ್ಲ.

ಅಗ್ಗದ ಸಾಧನದ ಕತೆಗೆ ಮೂಲ ಮದುರೈ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ್ ಕಣ್ಣಾಸ್ಪತ್ರೆ, 1992ರಲ್ಲಿ ಆರೋಲ್ಯಾಬ್ ಕಟ್ಟಿತು. ಪೊರೆಯ ಶಸ್ತ್ರಚಿಕಿತ್ಸೆಗೆ ಬೇಕಾದ ಮಸೂರ ಆಗ ಹೊರದೇಶದಿಂದ ದುಬಾರಿ ಬೆಲೆಗೆ ಬರುತ್ತಿತ್ತು. ಆರೋಲ್ಯಾಬ್ ಅದನ್ನು 10 ಡಾಲರ್ ಆಸುಪಾಸಿಗೆ, ಮುಂದೆ ಇನ್ನೂ ಕಡಿಮೆಗೆ ಇಳಿಸಿತು. ಅದೇ ಅನುಭವದ ಮೇಲೆ ಬೋಸ್ಟನ್ ತಂಡದ ಸಹಕಾರದೊಂದಿಗೆ ಬಂದದ್ದು ಆರೋ ಕೆ-ಪ್ರೊ. ಮದುರೈಯಲ್ಲಿ, ಹೈದರಾಬಾದಿನಲ್ಲಿ ಇದನ್ನು ಬಳಸಿದ ವೈದ್ಯರು ಐದು ವರ್ಷಗಳವರೆಗಿನ ಫಲಿತಾಂಶಗಳನ್ನೂ ಪ್ರಕಟಿಸಿದ್ದಾರೆ. ದಾನಿಯ ಕಾರ್ನಿಯಾವನ್ನು 14 ದಿನ ಕಾಪಾಡುವ ಕಾರ್ನಿಸಾಲ್ ದ್ರಾವಣವೂ ಆರೋಲ್ಯಾಬಿನದೇ. ಹಳೆಯ ಎಂ.ಕೆ. ಮಾಧ್ಯಮದಲ್ಲಿ ನಾಲ್ಕೇ ದಿನ ಇಡಬಹುದಿತ್ತು. ದೂರದ ಊರಿನ ರೋಗಿಯನ್ನು ಕರೆಸಿಕೊಳ್ಳಲು ಈ ಹತ್ತು ದಿನ ಸಣ್ಣದಲ್ಲ.

ಕಣ್ಣೀರೇ ಬತ್ತಿ ಕಣ್ಣು ಚರ್ಮದಂತಾದವರಿಗೆ ಈ ಮಾದರಿಯ ಕೆ-ಪ್ರೊ ನಿಲ್ಲುವುದಿಲ್ಲ. ಔಷಧಗಳ ವಿಪರೀತ ಪ್ರತಿಕ್ರಿಯೆಯಾದ ಸ್ಟೀವನ್ಸ್-ಜಾನ್ಸನ್ ವ್ಯಾಧಿಯಿಂದ ಬಳಲಿದವರಲ್ಲಿ ಹೀಗಾಗುತ್ತದೆ. ಅವರಿಗೆ ರೋಮ್‌ನ ಬೆನೆಡೆಟ್ಟೊ ಸ್ಟ್ರಾಂಪೆಲ್ಲಿ 1963ರಲ್ಲಿ ತೋರಿಸಿದ ದಾರಿಯಿದೆ: ರೋಗಿಯದೇ ಕೋರೆಹಲ್ಲನ್ನು ಬೇರಿನ ಎಲುಬಿನೊಡನೆ ತೆಗೆದು, ಅದರಲ್ಲಿ ಪ್ಲಾಸ್ಟಿಕ್ ಕಾಂಡ ಕೂರಿಸಿ, ಕೆಲ ತಿಂಗಳು ಕೆನ್ನೆಯ ಒಳಗೆ ಹುದುಗಿಸಿಟ್ಟು, ಬಳಿಕ ಕಣ್ಣಿಗೆ ಹೊಲಿಯುವುದು. ಚೆನ್ನೈಯ ಶಂಕರ ನೇತ್ರಾಲಯದಲ್ಲಿ ಇದು 2003ರಿಂದ ನಡೆಯುತ್ತಿದೆ. ದಂತವೈದ್ಯರು, ಕಣ್ಣಿನ ವೈದ್ಯರು ಸೇರಿ ಹಲವು ಹಂತದಲ್ಲಿ ಮಾಡುವ ಈ ಕೆಲಸ ಎಲ್ಲ ಕಡೆ ಸಾಧ್ಯವಿಲ್ಲ.

ಅಗ್ಗ ಎಂದರೆ ಎಷ್ಟು ಅಗ್ಗ

ಪೊರೆಯ ಮಸೂರ ಹಾಕಿಸಿಕೊಂಡವನು ಒಂದೆರಡು ತಿಂಗಳಲ್ಲಿ ಆಸ್ಪತ್ರೆಯನ್ನು ಮರೆಯಬಹುದು. ಕೃತಕ ಕಾರ್ನಿಯಾದವನು ಬದುಕಿರುವವರೆಗೆ ಮರೆಯುವಂತಿಲ್ಲ. ಪ್ಲಾಸ್ಟಿಕ್ಕೂ ಜೀವಂತ ಅಂಗಾಂಶವೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿ ಒಳಹೊಕ್ಕರೆ ಕಣ್ಣಿನ ಒಳಭಾಗಕ್ಕೆ ಸೋಂಕು ಹತ್ತಿ, ಎರಡು ಮೂರು ದಿನದಲ್ಲಿ ಕಣ್ಣೇ ಹೋಗಬಹುದು. ಅದಕ್ಕಾಗಿ ಪ್ರತಿದಿನ ಜೀವನಪರ್ಯಂತ ಆಂಟಿಬಯಾಟಿಕ್ ಹನಿ ಹಾಕಿಕೊಳ್ಳಬೇಕು. ಅದರಲ್ಲಿ ಮುಖ್ಯವಾದ ವ್ಯಾಂಕೊಮೈಸಿನ್ ಹನಿಯನ್ನು ಆಸ್ಪತ್ರೆಯವರೇ ಬೆರೆಸಿ ಕೊಡಬೇಕು, ಫ್ರಿಜ್ಜಿನಲ್ಲಿ ಇಡಬೇಕು. ತಗಡಿನ ಕೋಣೆಯಲ್ಲಿ ನಾಲ್ಕು ಜನ ಸೇರಿ ಬಾಡಿಗೆಗಿರುವ ಭೋಸರಿಯ ಕೂಲಿಗೆ ಫ್ರಿಜ್ಜು ಎಲ್ಲಿಯದು? ಬಡ ದೇಶಗಳಿಗಾಗಿ ಕ್ಲೋರಾಂಫೆನಿಕಾಲ್ ಹನಿ, ಪೊವಿಡೋನ್ ಅಯೋಡಿನ್‌ನಂಥ ಅಗ್ಗದ ಬದಲಿಗಳನ್ನು ತಜ್ಞರು ಸೂಚಿಸಿರುವುದು ಈ ಕಷ್ಟ ಬಲ್ಲವರಾಗಿ.

ಕಾಂಟ್ಯಾಕ್ಟ್ ಲೆನ್ಸ್ ಹಗಲಿರುಳು ಕಣ್ಣಲ್ಲೇ ಇರಬೇಕು. ಅದು ಕಾರ್ನಿಯಾ ಒಣಗಿ ಕರಗದಂತೆ ಕಾಯುತ್ತದೆ. ಧೂಳಿನ ಕೆಲಸದಲ್ಲಿ ಅದು ಕೊಳೆಯಾಗುತ್ತದೆ, ಬಿದ್ದುಹೋಗುತ್ತದೆ, ಹೊಸದು ಹಾಕಿಸಬೇಕು. ಗ್ರೈಂಡಿಂಗ್, ವೆಲ್ಡಿಂಗ್, ಸಿಮೆಂಟಿನ ಕೆಲಸಕ್ಕೆ ಮರಳುವುದು ಸರಿಯಲ್ಲ. ಹಾಗಾಗಿ ದೃಷ್ಟಿ ಬಂದರೂ ಹಳೆಯ ಕಸುಬು ಹೋದಂತೆಯೇ.

ಎಲ್ಲಕ್ಕಿಂತ ಮೋಸದ್ದು ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಹೆಚ್ಚಿ ನೋಟ ಕೆಡಿಸುವ ರೋಗ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿನ ಒತ್ತಡ ಅಳೆಯುವ ಮಾಮೂಲಿ ಉಪಕರಣ ಕೆಲಸ ಮಾಡದು, ಅನುಭವಿ ವೈದ್ಯರು ರೆಪ್ಪೆಯ ಮೇಲಿಂದ ಬೆರಳಿಟ್ಟು ಅಂದಾಜು ಮಾಡುತ್ತಾರೆ. ನಡುವಿನ ನೋಟ ಚೆನ್ನಾಗಿಯೇ ಇರುವಾಗ ಸುತ್ತಲಿನ ನೋಟ ಸದ್ದಿಲ್ಲದೆ ಕುಗ್ಗುತ್ತ ಬರುತ್ತದೆ. ಹೀಗೆ ಹೋದ ನೋಟ ಮರಳಿ ಬರುವುದಿಲ್ಲ. ಸಾಧನದ ಹಿಂದೆ ತೆಳು ಪದರವೊಂದು ಬೆಳೆದು ಮಬ್ಬಾಗುವುದೂ ಉಂಟು. ಅದನ್ನು ಲೇಸರಿನಿಂದ ಬಿಡಿಸಬಹುದು.

ಇಷ್ಟನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಸಾಧನದ ಬೆಲೆ ಒಟ್ಟು ಖರ್ಚಿನ ಒಂದು ಪಾಲಷ್ಟೆ. ಉಳಿದದ್ದು ಪ್ರತಿ ತಪಾಸಣೆಗೆ ಬಿಡುವ ಕೂಲಿ, ಜೊತೆಗೆ ಬರುವವನ ಕೂಲಿ, ರೈಲಿನ ಟಿಕೆಟ್ಟು, ಊಟ, ಹನಿ, ಲೆನ್ಸು. ಆಸ್ಪತ್ರೆ ಶಸ್ತ್ರಚಿಕಿತ್ಸೆಯನ್ನು ಪೂರ್ತಿ ಉಚಿತವಾಗಿ ಮಾಡಿದರೂ ಇವು ರೋಗಿಯ ತಲೆಯ ಮೇಲೇ. ಅರವಿಂದ್, ಎಲ್.ವಿ. ಪ್ರಸಾದ್ ಸಂಸ್ಥೆಗಳು ಹಣ ಕೊಡಬಲ್ಲವರಿಂದ ಪಡೆದು ಬಡವರಿಗೆ ಉಚಿತ ಚಿಕಿತ್ಸೆ ಕೊಡುತ್ತವೆ, ಅದು ದೊಡ್ಡ ಮಾತು. ಆದರೆ ಒಂದು ಸೈಟ್ ಮುಗಿದೊಡನೆ ಚಾಕಣಕ್ಕೋ ತಳೇಗಾವ್‌ಗೋ ಹೋಗುವ, ಫೋನ್ ನಂಬರ್ ಬದಲಾಗುವ, ಮಳೆಗಾಲಕ್ಕೆ ಊರು ಸೇರುವ ವಲಸೆ ಕೂಲಿಯನ್ನು ಯಾವ ಆಸ್ಪತ್ರೆಯೂ ಸುಲಭವಾಗಿ ಬೆನ್ನಟ್ಟಲಾರದು. ತಪಾಸಣೆಗೆ ಬಾರದ ರೋಗಿಯ ಕಣ್ಣಲ್ಲಿ ಅತ್ಯುತ್ತಮ ಸಾಧನವೂ ಉಳಿಯದು.

ಅಗ್ಗದ ಕೃತಕ ಕಾರ್ನಿಯಾ ಎಂದು ಕರೆಯಬೇಕಾದದ್ದು ಐದು, ಹತ್ತು ವರ್ಷದ ಆರೈಕೆಯನ್ನೂ ಸೇರಿಸಿ ಬಡವನಿಗೆ ಭಾರವಾಗದ ವ್ಯವಸ್ಥೆಯನ್ನು. ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿದ ದೊಡ್ಡ ಆಸ್ಪತ್ರೆಯ ಜೊತೆ ಹತ್ತಿರದ ಆಸ್ಪತ್ರೆಗಳೂ ಕೈಜೋಡಿಸಬೇಕು. ಭೋಸರಿಯವರಿಗೆ ಪಿಂಪ್ರಿಯ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆ ಹತ್ತಿರ. ಪುಣೆಯ ಸಸೂನ್ ಸರ್ಕಾರಿ ಆಸ್ಪತ್ರೆಯಿದೆ, ಹಡಪ್ಸರ್ ಬದಿಯ ಮೊಹಮ್ಮದವಾಡಿಯಲ್ಲಿ ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಶನ್ ನಡೆಸುವ ಎಚ್.ವಿ. ದೇಸಾಯಿ ಕಣ್ಣಾಸ್ಪತ್ರೆಯಿದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ರೈಲು ಕಲಬುರಗಿ, ವಾಡಿಗಳ ಮೇಲೆಯೇ ಹಾದುಹೋಗುತ್ತದೆ. ಆ ಭಾಗದ ಕನ್ನಡಿಗರು ಊರಿಗೆ ಹೋದಾಗಲೇ ಹೈದರಾಬಾದಿನ ತಪಾಸಣೆ ಮುಗಿಸಿಕೊಳ್ಳುವಂತೆ ದಿನ ಗೊತ್ತುಮಾಡಿದರೆ ಎರಡು ಪ್ರಯಾಣ ಒಂದಾಗುತ್ತವೆ. ಇಂಥ ಸಣ್ಣ ಏರ್ಪಾಟುಗಳಿಗೆ ಸಂಶೋಧನೆ ಬೇಡ, ಮನಸ್ಸು ಸಾಕು. 1953ರಿಂದ ಇರುವ ಪುಣೆಯ ಕನ್ನಡ ಸಂಘದಂಥ ಸಂಸ್ಥೆಗಳು ರೋಗಿಗೂ ಆಸ್ಪತ್ರೆಗೂ ನಡುವೆ ನಿಂತು ಮಾತಾಡಿಸಿದರೆ ಬಹಳ ಕಣ್ಣುಗಳು ಉಳಿದಾವು.

ಹೊಸ ಪ್ರಯತ್ನಗಳು

ದಾನಿಯೇ ಬೇಡದ ಕಾರ್ನಿಯಾಕ್ಕಾಗಿ ಹುಡುಕಾಟ ನಡೆದಿದೆ. ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದವರು ಹಂದಿಯ ಚರ್ಮದ ಕೊಲಾಜನ್ ಶುದ್ಧಮಾಡಿ ತಯಾರಿಸಿದ ಪಟಲವನ್ನು ಭಾರತ ಮತ್ತು ಇರಾನಿನ 20 ರೋಗಿಗಳಿಗೆ ಹಾಕಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತದಲ್ಲಿ ಇದು ನಡೆದದ್ದು ದೆಹಲಿಯ ಏಮ್ಸ್‌ನಲ್ಲಿ. ಮೊದಲು ಕುರುಡರೆನಿಸಿದ್ದ 14 ಮಂದಿಯಲ್ಲಿ ಎರಡು ವರ್ಷದ ಬಳಿಕ ಯಾರೂ ಕುರುಡರಾಗಿ ಉಳಿದಿರಲಿಲ್ಲ. ಈ ಪಟಲವನ್ನು ಎರಡು ವರ್ಷ ಕಾಪಿಡಬಹುದು. ಆದರೆ ಆ ರೋಗಿಗಳದ್ದು ಕಾರ್ನಿಯಾ ತೆಳುವಾಗಿ ಉಬ್ಬುವ ಕೆರಟೋಕೋನಸ್. ಸುಣ್ಣದಿಂದ ಸುಟ್ಟ ಕಣ್ಣಿಗೆ ಇದನ್ನೇ ಅನ್ವಯಿಸಿ ಆಸೆ ಹುಟ್ಟಿಸುವುದು ತಪ್ಪು. ಇಸ್ರೇಲಿನ ಕಾರ್ನೀಟ್ ಕಂಪನಿಯ, ದಾನಿಯ ಅಂಗಾಂಶವಿಲ್ಲದ ಸಾಧನವನ್ನು 2021ರ ಜನವರಿಯಲ್ಲಿ 78 ವರ್ಷದ ವ್ಯಕ್ತಿಯೊಬ್ಬರಿಗೆ ಮೊದಲ ಬಾರಿ ಹಾಕಿದರು. ಹೈದರಾಬಾದಿನಲ್ಲಿ ಎಲ್.ವಿ. ಪ್ರಸಾದ್ ಸಂಸ್ಥೆ, ಐಐಟಿ ಮತ್ತು ಕೋಶ ಹಾಗೂ ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಸೇರಿ ತ್ರೀಡಿ ಮುದ್ರಣದಿಂದ ಕಾರ್ನಿಯಾ ಮಾಡಿ ಮೊಲದಲ್ಲಿ ಪರೀಕ್ಷಿಸಿವೆ. ಬೆಂಗಳೂರಿನ ಪ್ಯಾಂಡೋರಮ್ ಕಂಪನಿ ಹನಿಯಂತೆ ಸುರಿದು ಗಟ್ಟಿಯಾಗಿಸುವ ಜೈವಿಕ ದ್ರವದ ಮೇಲೆ ಕೆಲಸ ಮಾಡುತ್ತಿದೆ. ಇವು ಯಾವುವೂ ಇವತ್ತು ಭೋಸರಿಯ ರೋಗಿಯ ಕೈಗೆ ಸಿಗುವಂಥವಲ್ಲ.

ಕಣ್ಣು ಉಳಿಸಿಕೊಳ್ಳುವ ದಾರಿ, ಪರಿಹಾರದ ಹಕ್ಕು

ಚೂರು, ಕಿಡಿ ಹಾರುವ ಕೆಲಸದಲ್ಲಿ ಕಣ್ಣಿಗೆ ತಕ್ಕ ಕನ್ನಡಕ ಅಥವಾ ತೆರೆ ಒದಗಿಸುವುದು ಮಾಲೀಕರ ಹೊಣೆ ಎಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ ಸ್ಪಷ್ಟವಾಗಿ ವಿಧಿಸಿತು. ಕನ್ನಡಕ ಕೊಟ್ಟರೂ ಗೀರು ಬಿದ್ದು ಮಸುಕಾದದ್ದನ್ನು ಕಾರ್ಮಿಕ ಹಣೆಗೇರಿಸಿ ಕೆಲಸ ಮಾಡುತ್ತಾನೆ. ಪೀಸ್ ಲೆಕ್ಕದ ಕೂಲಿಯಲ್ಲಿ ಕಾಣದ ಕನ್ನಡಕ ಕೆಲಸವನ್ನು ನಿಧಾನ ಮಾಡುತ್ತದೆ. ಹಾಗಾಗಿ ಕೊಡುವುದರ ಜೊತೆಗೆ ಆಗಾಗ ಬದಲಿಸಿ ಕೊಡುವುದೂ ಹೊಣೆಯೇ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಸೂಚಿ, ಇನ್ನೊಂದು ಕಣ್ಣು ಸರಿಯಿರುವಾಗ ಒಂದು ಕಣ್ಣೇ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 40, ದೃಷ್ಟಿ ಮಾತ್ರ ಹೋದರೆ ಶೇ 30 ನಷ್ಟವೆಂದು ಎಣಿಸಿತು. ನೌಕರರ ರಾಜ್ಯ ವಿಮೆಯ (ಇಎಸ್‌ಐ) ಕಾರ್ಡ್ ಇದ್ದವರಿಗೆ ಪರಿಹಾರ ಆ ದಾರಿಯಿಂದ ಬರುತ್ತದೆ. ಗಾಯವಾದ ದಿನವೇ ಕಂಪನಿಯ ಅಪಘಾತ ಪುಸ್ತಕದಲ್ಲಿ ಬರೆಸದಿದ್ದರೆ ಮುಂದೆ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ.

ಗೀರು ಹುಣ್ಣಾಗದಂತೆ ತಡೆಯುವುದು ಎಷ್ಟು ಸುಲಭವೆಂದು ನೇಪಾಳದ ಭಕ್ತಪುರ ತೋರಿಸಿದೆ. ಹಳ್ಳಿಯ ಆರೋಗ್ಯ ಸ್ವಯಂಸೇವಕರು ಕಾರ್ನಿಯಾ ಗೀರಿದ 442 ಮಂದಿಗೆ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು, ಅವರಲ್ಲಿ ಶೇ 96 ಮಂದಿಗೆ ಸೋಂಕಿಲ್ಲದೆ ವಾಸಿಯಾಯಿತು. ಬೇಗ ಬಂದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಇದನ್ನು ಭೋಸರಿಯ ಪ್ರತಿ ಗಲ್ಲಿಯಲ್ಲಿ, ಕಬ್ಬಿನ ಪ್ರತಿ ಊರಿನಲ್ಲಿ ಮಾಡಲು ತಡೆ ಏನೂ ಇಲ್ಲ.

ಸುಣ್ಣವೋ ಸಿಮೆಂಟೋ ಬಿದ್ದರೆ ಆಸ್ಪತ್ರೆ ಹುಡುಕುವ ಮೊದಲೇ, ಅಲ್ಲಿ ಸಿಕ್ಕ ಶುದ್ಧ ನೀರಿನಿಂದ ಕನಿಷ್ಠ ಅರ್ಧ ಗಂಟೆ ಕಣ್ಣು ತೊಳೆಯುತ್ತಲೇ ಇರಬೇಕು. ರೆಪ್ಪೆ ತೆರೆದು, ಒಳಗೆ ಸಿಕ್ಕ ಸುಣ್ಣದ ಹರಳು ಹೋಗುವಂತೆ ನೀರು ಬಿಡಬೇಕು. ಎಣ್ಣೆ, ತುಪ್ಪ, ಎದೆಹಾಲು, ಸೊಪ್ಪಿನ ರಸ ಹಾಕಬಾರದು. ಬಳಿಕ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಈಗಾಗಲೇ ಕೃತಕ ಕಾರ್ನಿಯಾ ಹಾಕಿಸಿಕೊಂಡವರಿಗೆ, ಅವರ ಮನೆಯವರಿಗೆ ಒಂದು ಮಾತು. ಹನಿ ನಿಲ್ಲಿಸಬೇಡಿ. ಕಣ್ಣು ಕೆಂಪಾದರೆ, ನೋವು ಬಂದರೆ, ನೋಟ ಮಸುಕಾದರೆ, ಲೆನ್ಸ್ ಬಿದ್ದುಹೋದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ದೂರವಿದೆಯೆಂದು ಕಾಯದೆ, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದು ಅದೇ ದಿನ ಹತ್ತಿರದ ಕಣ್ಣಾಸ್ಪತ್ರೆಗೆ ಹೋಗಿ. ಆ ಚೀಟಿಯ ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.